ಥೇರಾದ ಬಂಡೆ ಬರಹ: ನಾನು ಓದುವ ಬಗೆ

ಗ್ರೀಸ್‌ನ ಸಾಂಟೋರಿನಿ ದ್ವೀಪದ ಮೆಸಾ ವೂನೋ ಬೆಟ್ಟದ ಮೇಲೆ ಹಳೆಯ ಥೇರಾ ಊರಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರುವ ಪೆರ್ಗೆ ಊರಿನಿಂದ ಬಂದ ಆರ್ಟೆಮಿಡೋರಸ್ ಅಲ್ಲಿನ ಬಂಡೆಯನ್ನೇ ಕೆತ್ತಿಸಿ ದೇವರ ತಾಣ ಮಾಡಿಸಿದ. ಜ್ಯೂಸ್‌ಗೆ ಹದ್ದು, ಅಪೋಲೋಗೆ ಸಿಂಹ, ಪೊಸೈಡನ್‌ಗೆ ಡಾಲ್ಫಿನ್. ಒಮ್ಮತದ ದೇವತೆ ಹೊಮೊನೊಯಾಗೆ ಒಂದು ಬಲಿಪೀಠ. ಜೊತೆಗೆ ಪದ್ಯದಲ್ಲಿ ಬರಹಗಳು. ಎಷ್ಟೋ ಕಡೆ ಅಕ್ಷರ ಸವೆದುಹೋಗಿವೆ.

ನಾನು ಅರ್ಥದ ಗೋಜಿಗೆ ಮೊದಲೇ ಹೋಗುವುದಿಲ್ಲ. ಮೊದಲು ಬೆಳಕು. ನಡು ಹಗಲಲ್ಲಿ ಕಲ್ಲಿನ ಮೇಲೆ ಏನೂ ಕಾಣುವುದಿಲ್ಲ. ಅನುಮತಿ ಪಡೆದು, ಕಪ್ಪು ಬಟ್ಟೆಯಿಂದ ನೆರಳು ಮಾಡಿ, ಫ್ಲ್ಯಾಶನ್ನು ಕಲ್ಲಿನ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡುತ್ತೇನೆ. ಬೆಳಕು ಗೆರೆಯ ಉದ್ದಕ್ಕೇ ಬಿದ್ದರೆ ಆ ಗೆರೆ ಮಾಯ. ಅದಕ್ಕೇ ಎಲ್ಲ ದಿಕ್ಕಿನಿಂದಲೂ ಫೋಟೊ ಬೇಕು. ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಹಳೆಯ ಪಡಿಯಚ್ಚು ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಒದ್ದೆ ಕಾಗದ ಬಡಿದು ಮಸಿ ಹಚ್ಚುತ್ತಾರೆ. ಗ್ರೀಕ್ ಶಾಸನದವರು ಮಸಿ ಹಚ್ಚದೆ ಒಣಗಿಸುತ್ತಾರೆ. ಕಲ್ಲಿನಲ್ಲಿ ಈಗ ಅಳಿಸಿರುವ ಅಕ್ಷರ ಆ ಕಾಗದದಲ್ಲಿ ಉಳಿದಿರಬಹುದು.

ಆಮೇಲೆ ಬರೆದುಕೊಳ್ಳುವುದು. ಶಾಸನದ ಪಾಠಕ್ಕೆ ಗುರುತು ಹಾಕುವ 1931ರ ಲೈಡನ್ ಪದ್ಧತಿಯಂತೆ, ಅರ್ಧ ಉಳಿದ ಅಕ್ಷರದ ಕೆಳಗೆ ಚುಕ್ಕೆ. ಪೂರ್ತಿ ಹೋದದ್ದಕ್ಕೆ ಚೌಕ ಆವರಣ. ಆ ಆವರಣದೊಳಗೆ ಏನು ತುಂಬಬೇಕು ಅನ್ನುವಲ್ಲೇ ಆಸೆ ಹೆಚ್ಚುತ್ತದೆ, ಅಲ್ವಾ? ಆರ್ಟೆಮಿಡೋರಸ್‌ನ ಪದ್ಯದಲ್ಲಿ ಛಂದಸ್ಸು ನನ್ನ ಕೈ ಹಿಡಿದು ನಿಲ್ಲಿಸುತ್ತದೆ. ಗ್ರೀಕ್‌ನಲ್ಲೂ ಲಘು ಗುರುಗಳ ಲೆಕ್ಕ ಉಂಟು. ಊಹಿಸಿದ ಪದ ಆ ಲೆಕ್ಕಕ್ಕೂ ಕೂರಬೇಕು, ಕಲ್ಲಿನಲ್ಲಿ ಖಾಲಿಯಿರುವ ಜಾಗಕ್ಕೂ ಹಿಡಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ಪದ ಬಿಟ್ಟುಬಿಡುತ್ತೇನೆ, ಎಷ್ಟೇ ಚೆಂದವಿರಲಿ.

ಅದೇ ಬೆಟ್ಟದ ದಕ್ಷಿಣ ತುದಿಯ ಬಂಡೆಗಳಲ್ಲಿ ಇನ್ನೂ ನೂರಾರು ವರ್ಷ ಹಳೆಯ ಬರಹವಿದೆ. ಎಷ್ಟೋ ಕಡೆ ಜ್ಯೂಸ್, ಅರೆಕುದುರೆ ಅರೆಮನುಷ್ಯನಾದ ಖೈರಾನ್, ಹೀಗೆ ಬರೀ ಪೂಜ್ಯರ ಹೆಸರು. ಇಲ್ಲಿ ಜಾಸ್ತಿ ಹುಷಾರಾಗಿರಬೇಕು. ಗ್ರೀಕ್‌ನ ‘ಇ’ ಅಕ್ಷರ ಐಯೋಟಾ ಹಾವಿನಂತೆ ಬಳುಕಿರುತ್ತದೆ, ‘ಸ’ ಅಕ್ಷರವಾದ ಸಿಗ್ಮಾ ಅನ್ನಿಸಿಬಿಡುತ್ತದೆ. ಆದರೆ ಇಲ್ಲಿ ‘ಸ’ ಉಚ್ಚಾರಕ್ಕೆ ಸಾನ್ ಎಂಬ ಬೇರೆ ಅಕ್ಷರ, ನೋಡಲು ‘ಮ’ ಅಕ್ಷರವಾದ ಮು ಥರ. ‘ಖ’ಕ್ಕೆ ಎರಡು ಅಕ್ಷರ ಕೂಡಿಸುತ್ತಾರೆ. ಸಾಲು ಬಲದಿಂದ ಎಡಕ್ಕೂ ಓಡಬಹುದು. ಥೇರಾದ ಈ ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ನಾನು ಒಂದು ಗೆರೆಯನ್ನೂ ಓದುವುದಿಲ್ಲ.

ಇಂಥ ಒಂಟಿ ಹೆಸರಿಗೆ ಛಂದಸ್ಸಿಲ್ಲ, ವಾಕ್ಯವೂ ಇಲ್ಲ. ಹೆಸರಿನ ಅರ್ಧ ಹೋಗಿದ್ದರೆ, ಅದಕ್ಕೆ ಹೊಂದುವ ದೇವರು ಇಬ್ಬರಿದ್ದರೆ, ಆವರಣವನ್ನು ಖಾಲಿ ಬಿಡುತ್ತೇನೆ. ಫೋಟೊ, ಅಕ್ಷರದ ಎತ್ತರ, ಬಿರುಕಿನ ಜಾಗ ಎಲ್ಲವನ್ನೂ ಜೊತೆಗಿಡುತ್ತೇನೆ, ಮುಂದಿನವರು ನನ್ನ ಓದನ್ನು ಒರೆಹಚ್ಚಿ ನೋಡಲಿ ಅಂತ.