ದಡಾರದ ಲೆಕ್ಕ ಹಿಡಿದು ಹೊರಟಾಗ

ಆರೋಗ್ಯ ಇಲಾಖೆಯಲ್ಲಿ ನಾನು ಕೆಲಸ ಶುರು ಮಾಡಿದ್ದು ಜಗಳೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ. ಆಗಿನ್ನೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಸರ್ವೀಸಿನ ಕೊನೆಯ ವರ್ಷಗಳಲ್ಲಿ ದಾವಣಗೆರೆಗೆ ಬಂದು ಅಂಕಿಸಂಖ್ಯೆ ನೋಡಿಕೊಳ್ಳುತ್ತಿದ್ದೆ. ನಿವೃತ್ತಿಗೆ ಮೊದಲು ಒಂದು ಕೆಲಸ ಮುಗಿಸಲೇಬೇಕು ಅಂತ ಹಟ ಹಿಡಿದೆ. ಈ ಸೀಮೆಯಲ್ಲಿ ದಡಾರ (ಮೀಸಲ್ಸ್) ಮೂವತ್ತು ವರ್ಷದಲ್ಲಿ ಹೇಗೆ ನಡೆದುಬಂತು ಅನ್ನೋದನ್ನು ಒಂದು ಗ್ರಾಫ್ ಹಾಳೆಯ ಮೇಲೆ ಕಣ್ಣಾರೆ ನೋಡಬೇಕಿತ್ತು.

ಜಿಲ್ಲಾವಾರು ಲೆಕ್ಕ ಕೂಡಿಸಿದಾಗ ಮೊದಲ ಪೆಟ್ಟು ಬಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಬರೀ ಜಿಲ್ಲೆಯ ಮೊತ್ತ ನೋಡಿದರೆ ಚಿತ್ರದುರ್ಗದಲ್ಲಿ ಆ ವರ್ಷ ದಡಾರ ದಿಢೀರನೆ ಕಮ್ಮಿಯಾದ ಹಾಗೆ ಕಾಣುತ್ತದೆ. ಕಮ್ಮಿಯಾದದ್ದು ಕಾಯಿಲೆ ಅಲ್ಲ, ತಾಲ್ಲೂಕು. 2018ರಲ್ಲಿ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ಜಿಲ್ಲೆಯ ಲೆಕ್ಕ ಬಿಟ್ಟು ತಾಲ್ಲೂಕಿಗೊಂದು ಹಾಳೆ ಮಾಡಿದೆ. ನ್ಯಾಮತಿ ಆಮೇಲೆ ತಾಲ್ಲೂಕಾದರೂ ಹೊನ್ನಾಳಿಯ ಹಾಳೆಯಲ್ಲೇ ಉಳಿಸಿಕೊಂಡೆ.

ಎರಡನೇ ತೊಡಕು ಹೆಸರಿನದು. ಹಳೇ ರಿಜಿಸ್ಟರುಗಳಲ್ಲಿ ಒಬ್ಬರು ದಡಾರ ಅಂತ ಬರೆದಿದ್ದರು, ಇನ್ನೊಬ್ಬರು ಗೊಬ್ಬರ ಅಂತ, ಮತ್ತೊಬ್ಬರು ಬರೀ ‘ಜ್ವರ, ಗುಳ್ಳೆ’ ಅಂತ. ಬರೆಯದೇ ಬಿಟ್ಟಿದ್ದಂತೂ ಲೆಕ್ಕಕ್ಕೇ ಸಿಗೋದಿಲ್ಲ. ನನ್ನ ಮೊದಲ ವರ್ಷದ ಬೇಸಿಗೆಯಲ್ಲಿ ಒಂದು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಹೊಸಲಿನ ಈಚೆಯೇ ಅಜ್ಜಿ ತಡೆದಳು: “ಅಮ್ಮ ಬಂದಾಳಪ್ಪ, ಒಳಗೆ ಬರಬ್ಯಾಡ.” ಕತ್ತಲಲ್ಲಿ ಚಾಪೆಯ ಮೇಲೆ ಮೂರು ವರ್ಷದ ಹುಡುಗಿ. ಕಣ್ಣು ಕೆಂಪಗೆ, ಮೂಗು ಸೋರುತ್ತಿತ್ತು, ಕಿವಿಯ ಹಿಂದಿನಿಂದ ಶುರುವಾದ ಕೆಂಪು ಗುಳ್ಳೆ ಎದೆಗೆ ಇಳಿದಿತ್ತು. “ಅಜ್ಜಿ, ಅಮ್ಮನಿಗೆ ಕೈ ಮುಗಿದೇ ಬರ್ತೀನಿ, ಮಗು ಉಸಿರಾಡೋದು ಒಂದ್ಸಲ ನೋಡ್ತೀನಿ” ಅಂದಮೇಲೆ ಒಳಗೆ ಬಿಟ್ಟಳು. ನ್ಯುಮೋನಿಯಾ ಶುರುವಾಗಿತ್ತು. ಆಸ್ಪತ್ರೆಗೆ ಸೇರಿಸಿದ್ದರಿಂದ ಮಗು ಉಳಿಯಿತು, ರಿಜಿಸ್ಟರಿನಲ್ಲಿ ಒಂದು ಸಾಲೂ ಆಯಿತು. ಅದೇ ಬೀದಿಯಲ್ಲಿ ಇನ್ನೂ ಎರಡು ಬಾಗಿಲಿಗೆ ಬೇವಿನ ಸೊಪ್ಪಿತ್ತು. ಆ ಮನೆಯವರು ಯಾರೂ ಆಸ್ಪತ್ರೆಗೆ ಬರಲಿಲ್ಲ, ನಾನೂ ಆಗ ಬರೆದುಕೊಳ್ಳಲಿಲ್ಲ. ಆ ತಪ್ಪು ಇವತ್ತಿಗೂ ಕಾಡುತ್ತದೆ.

ಮುಂದೆ ಜ್ವರ, ಗುಳ್ಳೆ ಇರುವ ಪ್ರತಿ ಮಗುವಿನ ರಕ್ತ ಪರೀಕ್ಷೆಗೆ ಹೋಗತೊಡಗಿದಾಗ ಲೆಕ್ಕದ ಸ್ವರೂಪವೇ ಬದಲಾಯಿತು. ನಾವು ದಡಾರ ಅಂದುಕೊಂಡಿದ್ದರಲ್ಲಿ ಕೆಲವು ರುಬೆಲ್ಲಾ, ಅಂದರೆ ದಡಾರದ ಹಾಗೇ ಗುಳ್ಳೆ ಏಳುವ ಬೇರೆ ಕಾಯಿಲೆ, ಕೆಲವು ಎರಡೂ ಅಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆ ಹುಡುಕತೊಡಗಿದ ವರ್ಷ ಸಂಶಯದ ಕೇಸು ಏರುತ್ತವೆ. ಆ ಏರಿಕೆ ಕಂಡು ಯಾರಾದರೂ ಬೈದರೆ ನಾನು ಅಡ್ಡ ನಿಲ್ಲುತ್ತಿದ್ದೆ. ಏನೂ ವರದಿ ಮಾಡದ ತಾಲ್ಲೂಕಿನ ಬಗ್ಗೆಯೇ ನನಗೆ ಹೆಚ್ಚು ಭಯ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಹಳೇ ವರ್ಷಗಳ ಗೆರೆ ಒಂದೇ ಸಮ ಇಳಿಯಲಿಲ್ಲ. ಎರಡು ಮೂರು ವರ್ಷ ತಣ್ಣಗಿದ್ದು ಮತ್ತೆ ಎದ್ದು ಕೂರುತ್ತಿತ್ತು. ಯಾಕೆ ಅಂತ ವರ್ಷಕ್ಕೆ ಸಾವಿರ ಮಕ್ಕಳು ಹುಟ್ಟುತ್ತಾರೆ ಅಂತ ಲೆಕ್ಕ ಹಾಕಿ ನೋಡಿದೆ. ದಡಾರದ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂದಿದ್ದು 1985ರಲ್ಲಿ, ಒಂಬತ್ತು ತಿಂಗಳಿಗೆ ಒಂದೇ ಡೋಸ್. ಸಾವಿರದಲ್ಲಿ 900 ಮಕ್ಕಳಿಗೆ ಹಾಕಿದೆವು ಅನ್ನಿ. ಆ ವಯಸ್ಸಿನಲ್ಲಿ ಅದು ಹಿಡಿಯೋದು ನೂರಕ್ಕೆ ಸುಮಾರು 85 ಮಕ್ಕಳಿಗೆ, ಅಂದರೆ 765. ಉಳಿದ 235 ಮಕ್ಕಳಿಗೆ ರಕ್ಷಣೆ ಇಲ್ಲ. ನಾಲ್ಕು ವರ್ಷ ಕಳೆದರೆ 940 ಆಯಿತು, ಹೆಚ್ಚುಕಮ್ಮಿ ಒಂದಿಡೀ ವರ್ಷ ಲಸಿಕೆಯನ್ನೇ ಹಾಕದಿದ್ದಷ್ಟು. ಒಂದು ದಡಾರದ ಮಗು ರಕ್ಷಣೆ ಇಲ್ಲದವರ ನಡುವೆ 12ರಿಂದ 18 ಜನರಿಗೆ ಅಂಟಿಸುತ್ತದೆ. ಬೆಂಕಿಗೆ ಸೌದೆ ನಾವೇ ಒಟ್ಟುತ್ತಿದ್ದ ಹಾಗಿತ್ತು. 2010ರಿಂದ ಎರಡನೇ ಡೋಸ್ ಬಂದದ್ದು ಇದೇ ಕಾರಣಕ್ಕೆ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂಬತ್ತು ತಿಂಗಳಿಂದ ಹದಿನೈದು ವರ್ಷ ತುಂಬದ ಎಲ್ಲರಿಗೂ ಹಾಕಿದೆವು. ಶಾಲೆಗಳಲ್ಲಿ ‘ಬೇಡ’ ಅಂದ ಪೋಷಕರ ಜೊತೆ ಗಂಟೆಗಟ್ಟಲೆ ಮಾತಾಡಿದ್ದೇನೆ.

ಹಾಳೆಗಳಲ್ಲಿ ನಾನು ತಡವಾಗಿ ಕಲಿತದ್ದು ವಯಸ್ಸಿನ ಕಾಲಂ ಓದುವುದನ್ನು. ಕೇಸು ಎಷ್ಟು ಅನ್ನೋದಕ್ಕಿಂತ ಯಾರಿಗೆ ಅನ್ನೋದು ಹೆಚ್ಚು ಹೇಳುತ್ತದೆ. ಐದಾರು ವರ್ಷದ ಮಕ್ಕಳಿಗೆ ಬಂದರೆ ನಾಲ್ಕೈದು ವರ್ಷದ ಹಿಂದೆ ನಾವು ಎಲ್ಲಿ ಸೋತೆವು ಅಂತ ಅರ್ಥ. 2020ರ ಲಾಕ್‌ಡೌನ್‌ನಲ್ಲಿ ಲಸಿಕೆ ದಿನಗಳು ತಪ್ಪಿದವು, ಆ ವರ್ಷ ಹುಟ್ಟಿದವರ ಮೇಲೆ ನಾನು ಬೇರೆಯೇ ಕಣ್ಣಿಟ್ಟಿದ್ದೆ.

ಜಗಳೂರಿನ ಹಾಳೆ ಹಿಡಿದು ಒಂದು ಉಪಕೇಂದ್ರಕ್ಕೆ ಹೋದಾಗ ಸಿಸ್ಟರ್ ಐಸ್ ಪ್ಯಾಕಿನ ಮೇಲಿದ್ದ ಲಸಿಕೆಯ ವಯಲ್ (ಪುಟ್ಟ ಸೀಸೆ) ತೋರಿಸಿದರು. ಐದು ಡೋಸಿನದು, ಒಡೆದು ಕಲಸಿದ ಮೇಲೆ ನಾಲ್ಕೇ ಗಂಟೆಯೊಳಗೆ ಹಾಕಬೇಕು, ಉಳಿದದ್ದು ಚೆಲ್ಲಬೇಕು. “ಸಾರ್, ಇವತ್ತು ಬಂದಿರೋದು ಒಂದೇ ಮಗು. ಮುಂದಿನ ವಾರ ಬಾ ಅನ್ನಲಾ?” ಆ ತಾಯಿ ನಾಳೆ ಕಾಫಿ ತೋಟದ ಕೂಲಿಗೆ ಹೊರಡುವವಳು. “ಒಡೀರಿ ಸಿಸ್ಟರ್, ನಾಲ್ಕು ಡೋಸ್ ಹೋದರೆ ಹೋಗಲಿ” ಅಂದೆ. ಮಗು ಒಂದೇ ಸಲ ಕಿರುಚಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿತು. ಸಿಸ್ಟರ್ ಕಾರ್ಡಿನಲ್ಲಿ ತಾರೀಖು ಬರೆದುಕೊಟ್ಟರು.