ಓಡುವ ಮಕ್ಕಳಿಗೆ ಪೇಸ್ ಕಲಿಸಿದ್ದು: ನನ್ನ ಅನುಭವ

ನಮ್ಮದು ಕಲಬುರಗಿ ಹತ್ತಿರದ ಹಳ್ಳಿ ಶಾಲೆ. ಎರೆ ಮಣ್ಣಿನ ಮೈದಾನ, ಸುಣ್ಣದ ಗೆರೆ, 200 ಮೀಟರ್ ಸುತ್ತು. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳನ್ನು 3000 ಮೀಟರ್ ಓಟಕ್ಕೆ ತಯಾರು ಮಾಡುತ್ತೇನೆ. ಪೇಸ್ ಅಂದರೆ ಮೊದಲಿಂದ ಕೊನೆವರೆಗೆ ಒಂದೇ ಸಮನೆ ಹಿಡಿದಿಡಬೇಕಾದ ವೇಗ.

ಮೊದಮೊದಲು ಗೆರೆ ಹತ್ತಿರ ನಿಂತು ಪ್ರತಿ ಸುತ್ತಿಗೂ ಟೈಮ್ ಕೂಗುತ್ತಿದ್ದೆ. ಮಕ್ಕಳು ಚೆನ್ನಾಗೇ ಓಡುತ್ತಿದ್ದರು. ಆಮೇಲೆ ಒಂದು ಸ್ಪರ್ಧೆಗೆ ಹೋದೆವು. 400 ಮೀಟರ್ ಟ್ರ್ಯಾಕು, ನನ್ನನ್ನು ಒಳಗೆ ಬಿಡಲಿಲ್ಲ. 96 ಸೆಕೆಂಡಿಗೆ ಮುಗಿಸಬೇಕಿದ್ದ ಮೊದಲ ಸುತ್ತನ್ನು ನಮ್ಮ ಹುಡುಗಿ 82ಕ್ಕೇ ಮುಗಿಸಿದಳು, ನಾಲ್ಕನೇ ಸುತ್ತಿಗೆ ಸೊಂಟ ಹಿಡ್ಕೊಂಡು ನಡೆಯುತ್ತಿದ್ದಳು. ಯಾಕಮ್ಮಾ ಅಂದರೆ, "ನೀವು ಟೈಮ್ ಹೇಳ್ಲಿಲ್ಲಲ್ರೀ ಸರ್" ಅಂದಳು. ಬೈಯೋಕೆ ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ.

ವಾಪಸ್ ಬಂದು ಮೊದಲು ಮೈದಾನಕ್ಕೆ ಟೇಪ್ ಹಿಡಿದೆ. ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೀಬೇಕು. ನಮ್ಮ 200 ಮೀಟರ್ 191 ಇತ್ತು! ಸುತ್ತಿಗೆ 48 ಸೆಕೆಂಡ್ ಅಂದುಕೊಂಡಿದ್ದು, ಪೂರ್ತಿ 200 ಮೀಟರಿಗೆ ಲೆಕ್ಕ ಹಾಕಿದರೆ ನಿಜದಲ್ಲಿ 50. ಹೊಸದಾಗಿ ಗೆರೆ ಹಾಕಿ, 50 ಮೀಟರಿಗೊಂದರಂತೆ ನಾಲ್ಕು ಕಲ್ಲು ಇಟ್ಟೆ. ನಮ್ಮ ಗುರಿ 12 ನಿಮಿಷ, ಅಂದರೆ 15 ಸುತ್ತು, ಸುತ್ತಿಗೆ 48 ಸೆಕೆಂಡ್. ಹಾಗಾಗಿ 12 ಸೆಕೆಂಡಿಗೊಮ್ಮೆ ಸೀಟಿ ಊದುವೆ, ಸೀಟಿ ಕೇಳಿದಾಗ ಕಲ್ಲಿನ ಪಕ್ಕದಲ್ಲಿರಬೇಕು. ಎರಡು ವಾರ ಹೀಗೆ. ಆಮೇಲೆ ಸುತ್ತಿಗೆ ಒಂದೇ ಸೀಟಿ, ಆಮೇಲೆ ಸೀಟಿಯೇ ಇಲ್ಲ. ಸುತ್ತು ಮುಗಿಸಿದವರು ಎಷ್ಟಾಯ್ತು ಅಂತ ತಾವೇ ಹೇಳಬೇಕು, ಆಮೇಲೆ ನಾನು ವಾಚ್ ತೋರಿಸುತ್ತೇನೆ. ಮೊದಲು ಬಂದವರಲ್ಲ, ಅಂದಾಜು ಸರಿಯಾಗಿ ಹೇಳಿದವರೇ ಗೆದ್ದ ಹಾಗೆ. ಯಾವಾಗಲೂ ಹಿಂದೆ ಉಳಿಯುತ್ತಿದ್ದ ಒಬ್ಬ ಹುಡುಗ ಇದರಲ್ಲಿ ಮೂರು ದಿನ ಸತತ ಗೆದ್ದ, ಆ ಮೇಲೆ ಎಲ್ಲರಿಗೂ ಹಠ ಬಂತು.

ಅಂದಾಜು ತಪ್ಪುತ್ತಿದ್ದುದು ಒಂದೇ ರೀತಿ. ಮೊದಲ ಸುತ್ತು 43ಕ್ಕೆ ಮುಗಿಸಿ "48 ಇರಬೇಕ್ರೀ" ಅನ್ನೋರು, ಹನ್ನೆರಡನೇ ಸುತ್ತು 52 ಆದಾಗಲೂ "48 ರೀ ಸರ್". ಓಟ ಶುರುವಾದಾಗ ಕಾಲು ಹಗುರ, ಏದುಸಿರು ಇನ್ನೂ ಬಂದಿರಲ್ಲ, ಹಾಗಾಗಿ ಜೋರು ಓಟವೂ ನಿಧಾನ ಅನ್ನಿಸುತ್ತೆ. ಅದಕ್ಕೇ ಮೊದಲ ಎರಡು ಸುತ್ತು ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗೆ ಅನ್ನಿಸಬೇಕು, ಕೊನೆಗೆ ಎಷ್ಟು ಒದ್ದಾಡಿದರೂ ಅದೇ 48 ಬರಬೇಕು ಅಂತ ಹೇಳಿಕೊಟ್ಟೆ. ಉಸಿರಿಗೆ ಹೆಜ್ಜೆ ಎಣಿಸೋದನ್ನೂ ಮಾಡಿಸಿ ನೋಡಿದೆ, ಲೆಕ್ಕ ತಪ್ಪಿ ನಗೋದೇ ಜಾಸ್ತಿ ಆಯ್ತು, ಬಿಟ್ಟೆ.

ಏಪ್ರಿಲ್, ಮೇನಲ್ಲಿ ಗಡಿಯಾರ ಮುಟ್ಟಲ್ಲ. 40 ಡಿಗ್ರಿ ದಾಟೋ ಊರು ನಮ್ಮದು, ಬೆಳಿಗ್ಗೆ ಏಳಕ್ಕೇ 48ರ ಓಟಕ್ಕೆ 45ರ ಏದುಸಿರು ಬರುತ್ತೆ. ಆಗ ಮಾತಾಡುತ್ತಾ ಓಡೋಕೆ ಆಗುವಷ್ಟೇ ವೇಗ, ಸಾಕು.

ಈಗ ಉಳಿದಿರೋ ತಲೆನೋವು ಬೇರೆ. ಪಕ್ಕದವನು ಮುಂದೆ ಹೋದ ತಕ್ಷಣ ಕಲಿತದ್ದೆಲ್ಲ ಮರೆತುಬಿಡುತ್ತಾರೆ. ಅದಕ್ಕೆ ಒಬ್ಬನಿಗೆ ಗುಟ್ಟಾಗಿ 42ಕ್ಕೆ ಓಡು ಅಂತ ಹೇಳಿ ಬಿಡ್ತೀನಿ, ಉಳಿದವರು ಅವನನ್ನು ಬೆನ್ನಟ್ಟಿ ಓಡಬಾರದು. ಕಳೆದ ವಾರ ಐದು ಜನರಲ್ಲಿ ಇಬ್ಬರು ಬೆನ್ನಟ್ಟಿಯೇ ಬಿಟ್ಟರು.