ಐರಿಷ್ ಪೂರ್ವಜರ ಊರು ಹುಡುಕಬೇಕಾ? ಮೊದಲು ಸ್ಕಾಟ್ಲೆಂಡಿನ ಕಾಗದ ನೋಡಿ

ಮುತ್ತಜ್ಜನ ಅಪ್ಪ ಐರ್ಲೆಂಡಿನಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದವನು ಅಂತ ಗೊತ್ತಾದ ಕೂಡಲೇ ಎಲ್ಲರೂ ಐರಿಷ್ ದಾಖಲೆಗಳಲ್ಲಿ ಅವನ ಹೆಸರು ಹುಡುಕಲು ಕೂರುತ್ತಾರೆ. ಅವಸರ ಬೇಡ. ಡೊನೆಗಲ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಒಂದರಲ್ಲೇ ಗ್ಯಾಲಹರ್, ಬಾಯ್ಲ್ ಅನ್ನುವ ಮನೆತನಗಳು ಲೆಕ್ಕವಿಲ್ಲದಷ್ಟಿವೆ, ಅವುಗಳಲ್ಲಿ ನಿಮ್ಮವನು ಯಾರು ಅಂತ ಹೇಗೆ ಹೇಳುತ್ತೀರಿ? ಊರು ಗೊತ್ತಿರಬೇಕು. ಟೌನ್‌ಲ್ಯಾಂಡ್ ಅನ್ನುವ ಪುಟ್ಟ ಪುಟ್ಟ ಹಳ್ಳಿ ತುಂಡುಗಳು ಐರ್ಲೆಂಡಿನಲ್ಲಿ 60,000ಕ್ಕೂ ಜಾಸ್ತಿ ಇವೆ. ಕಡೇಪಕ್ಷ ಕೌಂಟಿ ಮತ್ತು ಪ್ಯಾರಿಷ್ (ಒಂದು ಚರ್ಚಿನ ಸುತ್ತಲಿನ ಸ್ಥಳೀಯ ವಲಯ) ಆದರೂ ಕೈಗೆ ಸಿಗಬೇಕು, ಅದು ಅಡಗಿರುವುದು ಹೆಚ್ಚಾಗಿ ಸ್ಕಾಟ್ಲೆಂಡಿನ ಕಾಗದಗಳಲ್ಲೇ.

ಹಡಗಿನ ಪ್ರಯಾಣಿಕರ ಪಟ್ಟಿ ಹುಡುಕಲು ಹೋಗಬೇಡಿ. ಆಗ, ಅಂದರೆ 19ನೇ ಶತಮಾನದಲ್ಲಿ, ಐರ್ಲೆಂಡ್, ಸ್ಕಾಟ್ಲೆಂಡ್ ಎರಡೂ ಒಂದೇ ದೇಶದೊಳಗಿದ್ದವು. ಬೆಲ್‌ಫಾಸ್ಟ್‌ನಿಂದ ಗ್ಲಾಸ್ಗೋಗೆ ಸ್ಟೀಮರ್ ಹತ್ತಿದವರ ಹೆಸರು ಬರೆದಿಡುವ ಪದ್ಧತಿಯೇ ಇರಲಿಲ್ಲ.

ಶುರು ಮಾಡಬೇಕಾದದ್ದು ಸಾವಿನ ದಾಖಲೆಯಿಂದ. 1855ರ ಜನವರಿ 1ರಿಂದ ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಸಾವು ಎಲ್ಲದರ ಸರ್ಕಾರಿ ನೋಂದಣಿ ಶುರುವಾಯಿತು. ಇಲ್ಲಿನ ಸಾವಿನ ದಾಖಲೆಯಲ್ಲಿ ಸತ್ತವರ ಅಪ್ಪನ ಹೆಸರು, ಅಮ್ಮನ ಹೆಸರು, ಅದರ ಜೊತೆ ಅಮ್ಮನ ತವರಿನ ಅಡ್ಡಹೆಸರೂ ಇರುತ್ತದೆ. ಅಂದರೆ ಐರ್ಲೆಂಡ್ ಬಿಟ್ಟು ಹೊರಗೆ ಕಾಲಿಡದೆ ಸತ್ತ ಅಪ್ಪ ಅಮ್ಮನ ಹೆಸರು ಕೂಡ ಗ್ಲಾಸ್ಗೋದ ಒಂದು ಪುಟದಲ್ಲಿ ಸಿಗಬಹುದು! ಮದುವೆ ದಾಖಲೆಯಲ್ಲಿ ಎರಡೂ ಕಡೆಯ ತಂದೆ ತಾಯಿ ಇರುತ್ತಾರೆ, ಯಾವ ಚರ್ಚಿನ ಪದ್ಧತಿಯಲ್ಲಿ ಮದುವೆಯಾಯಿತು ಅನ್ನುವುದೂ ಇರುತ್ತದೆ. ಇವೆಲ್ಲ ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವ ಸರ್ಕಾರಿ ತಾಣದಲ್ಲಿವೆ, ಪುಟದ ಚಿತ್ರ ನೋಡಲು ದುಡ್ಡು ಕೊಡಬೇಕು. ಒಂದು ಎಚ್ಚರ: ಸಾವಿನ ವಿವರ ಬರೆಸಿದವರು ಯಾರು ಅಂತ ನೋಡಿ. ಮಗಳು ಹೇಳಿದ್ದರೆ ಸರಿ, ಪಕ್ಕದ ಮನೆಯವನು ಹೇಳಿದ್ದರೆ ಅಜ್ಜಿಯ ತವರಿನ ಹೆಸರು ಅವನಿಗೆ ಎಷ್ಟು ಗೊತ್ತಿದ್ದೀತು?

ಇನ್ನು ಜನಗಣತಿ. 1841ರದ್ದು ನೋಡಿದರೆ ಬೇಜಾರಾಗುತ್ತದೆ, ಹುಟ್ಟಿದ ಜಾಗದಲ್ಲಿ ಐರ್ಲೆಂಡ್ ಅಂತ ಸೂಚಿಸುವ ಒಂದೇ ಒಂದು ಅಕ್ಷರ. 1851ರಿಂದಲೂ ದೇಶದ ಹೆಸರು ಬರೆದರೆ ಸಾಕಿತ್ತು, ಆದರೆ ಕೆಲವು ಗಣತಿದಾರರು ತಾವಾಗಿಯೇ ಕೌಂಟಿ, ಪ್ಯಾರಿಷ್ ಸೇರಿಸಿಬಿಟ್ಟಿದ್ದಾರೆ. ಹಾಗಾಗಿ ಒಂದೇ ಗಣತಿ ನೋಡಿ ಕೈಬಿಡಬೇಡಿ, ಹತ್ತು ವರ್ಷಕ್ಕೊಮ್ಮೆ ಆ ಕುಟುಂಬ ಸಿಕ್ಕಿದ ಪ್ರತಿ ಪುಟವನ್ನೂ ನೋಡಿ, ಅಣ್ಣ ತಮ್ಮಂದಿರ ಮನೆಯ ಪುಟವನ್ನೂ ನೋಡಿ. ಮಕ್ಕಳು ಹುಟ್ಟಿದ ಜಾಗವೂ ಮಾತಾಡುತ್ತದೆ. ದೊಡ್ಡವಳು 1846ರಲ್ಲಿ ಐರ್ಲೆಂಡಿನಲ್ಲಿ, ಎರಡನೆಯವನು 1848ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ಹುಟ್ಟಿದ್ದರೆ, ಐರ್ಲೆಂಡಿನ ಆ ದೊಡ್ಡ ಬರಗಾಲದ ನಡುವೆಯೇ ಸಮುದ್ರ ದಾಟಿದ್ದಾರೆ ಅಂತಾಯಿತಲ್ವಾ.

ಆದರೆ ನಿಜವಾದ ನಿಧಿ ಇರುವುದು ಬಡವರ ಪರಿಹಾರದ ಅರ್ಜಿಗಳಲ್ಲಿ. ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ. 1845ರ ಬಡವರ ಕಾನೂನು ಬಂದ ಮೇಲೆ ಸಹಾಯ ಕೇಳಿಕೊಂಡು ಬಂದವರನ್ನು ಇನ್ಸ್‌ಪೆಕ್ಟರು ಕೂರಿಸಿಕೊಂಡು ಎಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಯಾರು, ಯಾವ ಧರ್ಮ, ಯಾವ ಬೀದಿಯಲ್ಲಿ ಎಷ್ಟು ದಿನ ಇದ್ದಿರಿ ಅಂತ ಕೆದಕಿ ಕೆದಕಿ ಕೇಳುತ್ತಿದ್ದರು. ಕಾಳಜಿಯಿಂದೇನಲ್ಲ. ಆ ಪ್ಯಾರಿಷ್‌ನಲ್ಲಿ ಸಾಕಷ್ಟು ವರ್ಷ ಇದ್ದ ಲೆಕ್ಕ ಸಿಗದಿದ್ದರೆ ಐರ್ಲೆಂಡಿಗೆ ವಾಪಸ್ ಕಳಿಸಬಹುದಿತ್ತು, ಅದಕ್ಕೇ ಅಷ್ಟು ವಿಚಾರಣೆ. ಅವರ ಆ ಜಿಪುಣತನದಿಂದ ಇವತ್ತು ನಮಗೆ ಲಾಭ. ಗ್ಲಾಸ್ಗೋ ಭಾಗದ ಅರ್ಜಿಗಳು ಮಿಚೆಲ್ ಲೈಬ್ರರಿಯಲ್ಲಿರುವ ನಗರ ದಾಖಲೆ ಸಂಗ್ರಹದಲ್ಲಿವೆ. ನಮ್ಮವರು ಭಿಕ್ಷೆ ಬೇಡಿದವರಲ್ಲ ಅಂತ ಸುಮ್ನೆ ಇದನ್ನು ಬಿಡಬೇಡಿ. ಗಂಡ ಸತ್ತರೆ, ಗಣಿಯಲ್ಲಿ ಕಾಲು ಮುರಿದರೆ, ಯಾರೇ ಆದರೂ ಆ ಬಾಗಿಲಿಗೆ ಹೋಗಬೇಕಿತ್ತು.

ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳೂ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿವೆ. ಹೆಸರು ಲ್ಯಾಟಿನ್‌ನಲ್ಲಿ ಇರಬಹುದು: ಯಾಕೋಬುಸ್ ಅಂದರೆ ಜೇಮ್ಸ್, ಗುಲಿಯೆಲ್ಮುಸ್ ಅಂದರೆ ವಿಲಿಯಂ. ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರ ಹೆಸರು ಬರೆದಿಟ್ಟುಕೊಳ್ಳಿ, ಅವರು ಬಂಧುಗಳೋ ಊರಿನವರೋ ಆಗಿರುವ ಸಾಧ್ಯತೆ ಜಾಸ್ತಿ. ಹಾಗಂತ ಬಂದವರೆಲ್ಲ ಕ್ಯಾಥೊಲಿಕರು ಅಂದುಕೊಳ್ಳಬೇಡಿ, ಐರ್ಲೆಂಡಿನ ಆಂಟ್ರಿಮ್, ಡೌನ್ ಕೌಂಟಿಗಳ ಕಡೆಯಿಂದ ಪ್ರಾಟೆಸ್ಟೆಂಟರೂ ಬಂದಿದ್ದಾರೆ.

ಹೆಸರಿನ ಕಾಗುಣಿತಕ್ಕೆ ಅಂಟಿಕೊಂಡರೆ ಕೆಟ್ಟಿರಿ. ಓದು ಬಾರದವನು ಹೇಳಿದ್ದನ್ನು ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಅಡ್ಡಹೆಸರಿನ ಶುರುವಿನ ಓ ಬಿದ್ದುಹೋಗಿರುತ್ತದೆ, ಶುರುವಿನ ಮೆಕ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ, ಮೆಕ್‌ಗೊವನ್ ಅನ್ನುವವರು ಸ್ಮಿತ್ ಆದದ್ದೂ ಉಂಟು. ಜೋರಾಗಿ ಉಚ್ಚರಿಸಿ ನೋಡಿ, ಹತ್ತಿರ ಕೇಳಿಸುವುದನ್ನೆಲ್ಲ ಹುಡುಕಿ.

ಪ್ಯಾರಿಷ್ ಸಿಕ್ಕಿತಾ? ಈಗ ಐರ್ಲೆಂಡಿಗೆ ಹೋಗಿ. ಅಲ್ಲಿ ಪೂರ್ತಿ ಉಳಿದಿರುವ ಮೊದಲ ಜನಗಣತಿ 1901ರದ್ದು. 1821ರಿಂದ 1851ರವರೆಗಿನವು ಬಹುಪಾಲು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯ ಕಟ್ಟಡದ ಬೆಂಕಿಯಲ್ಲಿ ಹೋದವು. ಎಲ್ಲರ ಜನನ, ಮದುವೆ, ಸಾವಿನ ನೋಂದಣಿ ಶುರುವಾದದ್ದು 1864ರಲ್ಲಿ. ಅದಕ್ಕೂ ಹಿಂದಕ್ಕೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಉಚಿತವಾಗಿ ಇಟ್ಟಿರುವ ಕ್ಯಾಥೊಲಿಕ್ ಪುಸ್ತಕಗಳು, ಮತ್ತೆ 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಅವರ ಜಮೀನು ಮೌಲ್ಯಮಾಪನ, ಅಂದರೆ ಯಾರ ಕೈಯಲ್ಲಿ ಯಾವ ಜಮೀನಿತ್ತು ಅನ್ನುವ ಪಟ್ಟಿ. ಅದೇ ಹೆಸರಿನ ಇಬ್ಬರು ಮಕ್ಕಳು ಒಂದೇ ಪ್ಯಾರಿಷ್‌ನಲ್ಲಿ ಸಿಕ್ಕರೆ, ಸ್ಕಾಟ್ಲೆಂಡಿನ ಸಾವಿನ ದಾಖಲೆಯಲ್ಲಿದ್ದ ಅಮ್ಮನ ತವರಿನ ಹೆಸರು ಯಾರಿಗೆ ಹೊಂದುತ್ತದೆ ನೋಡಿ, ಇನ್ನೊಬ್ಬ ಅಲ್ಲೇ ಮದುವೆಯಾಗಿ ಅಲ್ಲೇ ಸತ್ತನಾ ಅಂತಲೂ ಹುಡುಕಿ, ಆಮೇಲೆ ವಂಶವೃಕ್ಷಕ್ಕೆ ಸೇರಿಸಿ.